ಬೋಳಣ್ಣನ ಆಟ ಮುಗಿಸಿದ್ದು ಅಮ್ಮ

ಅಣ್ಣನ ಆ ವಿಡಿಯೋವನ್ನು ನಾನು ನೋಡಿದ್ದು ಆಫೀಸಿನಿಂದ ಘಾಜಿಯಾಬಾದಿಗೆ ಮರಳುವ ಮೆಟ್ರೋದಲ್ಲಿ, ಬಾಗಿಲ ಪಕ್ಕದ ಗಾಜಿಗೆ ಒರಗಿ ನಿಂತುಕೊಂಡು. ನೋಡುತ್ತ ನೋಡುತ್ತ ಮೈಯೆಲ್ಲ ಉರಿಯತೊಡಗಿತು. ನನ್ನ ಸ್ಟೇಷನ್ ಬಂದದ್ದೂ ಬಾಗಿಲು ಮುಚ್ಚಿಕೊಂಡದ್ದೂ ತಿಳಿಯಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿಗೆ ಹೋಗುವ ಮೆಟ್ಟಿಲ ಮೇಲೆಯೇ ನಿಂತು ಉಳಿದದ್ದನ್ನು ನೋಡಿದೆ.

ಅಣ್ಣ ಗುರ್‌ಗಾಂವಿನ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ರಜೆಯ ದಿನಗಳಲ್ಲಿ ಹಳೆಯ ವಿಡಿಯೋ ಗೇಮುಗಳ ಬಗ್ಗೆ ಚಾನೆಲ್ ನಡೆಸುತ್ತಾನೆ. ಹಿಂದಿಯಲ್ಲಿ ಮಾತು, ನಡುನಡುವೆ ಇಂಗ್ಲಿಷ್. ಹಿಂದೆ ಗೋಡೆಯ ತುಂಬ ಜೋಡಿಸಿದ ಹಳೆಯ ಕ್ಯಾಸೆಟ್ಟುಗಳು. ಆಟ ತುಂಬಿದ ಆ ಪ್ಲಾಸ್ಟಿಕ್ ಡಬ್ಬಿಗಳನ್ನು ನಮ್ಮ ಕಾಲದಲ್ಲಿ ದೆಹಲಿಯ ಎಲ್ಲ ಮಕ್ಕಳೂ ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ಆ ದಿನದ ವಿಷಯ, ಯಾರೂ ತಿರುಗಿ ನೋಡದೆ ಬಿಟ್ಟ, ಆದರೆ ಈಗಲೂ ಆಡಲು ಯೋಗ್ಯವಾದ ಹೊಡೆದಾಟದ ಆಟಗಳು. ಎಲ್ಲರೂ ಜಪಿಸುವ ಅವೇ ಮೂರ್ನಾಲ್ಕು ಹೆಸರುಗಳನ್ನು ಬಿಟ್ಟು ಬೇರೆಯದನ್ನು ಹೇಳುತ್ತೇನೆ ಎಂದು ಶುರುಮಾಡಿದ. ಕೇಳಿ ನನಗೂ ಖುಷಿಯಾಗಿತ್ತು. ಮೊದಲಿಗೇ ಅವನು ಎತ್ತಿ ಹಿಡಿದದ್ದು ಬೋಳಣ್ಣನನ್ನು.

ಬೋಳಣ್ಣ ಎಂಬುದು ಅಮ್ಮ ಇಟ್ಟ ಹೆಸರು. ಆ ಆಟಕ್ಕೆ ಉದ್ದನೆಯ ಜಪಾನೀ ಹೆಸರಿದೆಯೆಂದು ನನಗೆ ಗೊತ್ತಾದದ್ದೇ ಈ ವಿಡಿಯೋದಿಂದ. ಅಪ್ಪ ನಕಲಿ ಮಾಲು ಸಿಗುವ ಪಾಲಿಕಾ ಬಜಾರಿನಿಂದ ತಂದ ನಮ್ಮ ಕ್ಯಾಸೆಟ್ಟಿನ ಮೇಲೆ ಯಾರೋ ಕುಸ್ತಿಪಟುವಿನ ಚಿತ್ರ ಅಂಟಿಸಿದ್ದರು. ಒಳಗಿನ ಆಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಆಟದಲ್ಲಿದ್ದವನು ತಲೆ ಬೋಳಿಸಿಕೊಂಡ ಒಬ್ಬ ಸನ್ಯಾಸಿ. ಕೈಯಲ್ಲಿ ಒಂದು ದಂಡ, ಸೊಂಟಕ್ಕೆ ಒಂದು ಸರಪಳಿ. ಮಿಕ್ಕ ಆಟಗಳಲ್ಲೆಲ್ಲ ಮೇಲಕ್ಕೆ ಹತ್ತಬೇಕು, ಮುಂದಕ್ಕೆ ಓಡಬೇಕು. ಇವನು ಉರಿಯುತ್ತಿರುವ ಗೋಪುರವೊಂದರ ತುದಿಯಿಂದ ಅಂತಸ್ತು ಅಂತಸ್ತಾಗಿ ಕೆಳಕ್ಕೆ ಇಳಿಯಬೇಕು. ಅವನಿಗೆ ದೊಡ್ಡ ಜಿಗಿತವಿಲ್ಲ, ಬೆಂಕಿ ಉಗುಳುವ ಶಕ್ತಿಯಿಲ್ಲ. ಎದುರಿಗೆ ಬಂದವನು ಏನು ಮಾಡುತ್ತಾನೆ ಎಂದು ನಿಂತು ನೋಡಿ, ಸರಿಯಾದ ಗಳಿಗೆಗೆ ಒಂದೇ ಏಟು ಹಾಕಬೇಕು. ಅವಸರ ಮಾಡಿದವನು ಸತ್ತ. ಕಾಲೋನಿಯ ಹುಡುಗರಿಗೆ ಅದು ಸೇರುತ್ತಿರಲಿಲ್ಲ. ಬೋರ್ ಎಂದು ವಾಪಸ್ ಕೊಟ್ಟುಬಿಡುತ್ತಿದ್ದರು.

ಮೆಟ್ಟಿಲ ಮೇಲೆ ನಿಂತ ನನಗೆ ಅಣ್ಣನ ಮಾತು ಕೇಳಿಸುತ್ತಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ, ಕೂಲರ್ ಮುಂದೆ ಕೂತು, ತಾನೊಬ್ಬನೇ ಈ ಆಟವನ್ನು ಕೊನೆಯವರೆಗೂ ಆಡಿ ಮುಗಿಸಿದೆ ಎಂದ. ಗೆಲ್ಲುವುದಕ್ಕೆ ತಾನೊಂದು ಸೂತ್ರ ಕಂಡುಹಿಡಿದಿದ್ದೆ ಎಂದ: ಭುಜ ನೋಡಿ, ಕತ್ತಿ ನೋಡಬೇಡಿ. ಆಮೇಲೆ ನಕ್ಕು ಹೇಳಿದ, 'ನನ್ನ ದೊಡ್ಡ ಶತ್ರು ಗೇಮಿನೊಳಗೆ ಇರಲಿಲ್ಲ, ಅಡುಗೆಮನೆಯಲ್ಲಿದ್ದರು. ಅಮ್ಮ ಸೌಟು ಹಿಡಿದು ಬಂದು ಪ್ಲಗ್ ಕಿತ್ತುಬಿಡುತ್ತಿದ್ದರು.' ಆ ಮಾತಿಗೆ ಸರಿಯಾಗಿ ಸೌಟು ಹಿಡಿದ ದಪ್ಪ ಹೆಂಗಸಿನ ವ್ಯಂಗ್ಯಚಿತ್ರವೊಂದು ಪರದೆಯ ಮೇಲೆ ಕುಣಿಯಿತು.

ಸುಳ್ಳು. ಒಂದೊಂದು ಮಾತೂ ಸುಳ್ಳು.

ನಾವಿದ್ದದ್ದು ದೆಹಲಿಯ ಜನಕಪುರಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಒಂದೇ ಶಾಲೆಯ ಕಟ್ಟಡದಲ್ಲಿ ಬೆಳಿಗ್ಗೆ ಹುಡುಗಿಯರಿಗೆ ಪಾಠ, ಮಧ್ಯಾಹ್ನ ಹುಡುಗರಿಗೆ. ನಾನು ಊಟದ ಹೊತ್ತಿಗೆ ಮನೆಗೆ ಬರುವಾಗ ಅಣ್ಣ ಬ್ಯಾಗು ಏರಿಸಿಕೊಂಡು ಹೊರಡುತ್ತಿದ್ದ. ಸಂಜೆಯವರೆಗೆ ಮನೆಯಲ್ಲಿ ಅಮ್ಮ ಮತ್ತು ನಾನು. ಅಮ್ಮನಿಗೆ ಆಗ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ತರಕಾರಿ ಗಾಡಿಯ ಭಯ್ಯಾನ ಜೊತೆ ಚೌಕಾಸಿ ಮಾಡುವಷ್ಟು, ಅಷ್ಟೇ. ಅಕ್ಕಪಕ್ಕದ ಹೆಂಗಸರು ಬಿಸಿಲು ಕಾಯಿಸಿಕೊಳ್ಳುತ್ತ ಸ್ವೆಟರ್ ಹೆಣೆಯುವ ಗುಂಪಿನಲ್ಲಿ ಒಂದೆರಡು ಬಾರಿ ಕೂತು, ಅವರು ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ ಎದ್ದು ಬಂದಿದ್ದಳು.

ಒಂದು ಮಧ್ಯಾಹ್ನ ನಾನು ಆಡುತ್ತ ಮೊದಲ ಅಂತಸ್ತಿನಲ್ಲೇ ಮತ್ತೆ ಮತ್ತೆ ಸಾಯುತ್ತಿದ್ದೆ. ಅಮ್ಮ ಹಿಂದೆ ಕೂತು ಹುರುಳಿಕಾಯಿ ಸೋಸುತ್ತಿದ್ದಳು.

'ಕತ್ತಿ ಯಾಕೆ ನೋಡ್ತೀಯ? ಅವನು ಹೊಡೆಯೋಕೆ ಮುಂಚೆ ಭುಜ ಎತ್ತುತಾನೆ. ಭುಜ ನೋಡು.'

'ಹೇಳೋದು ಸುಲಭ. ನೀನೇ ಆಡು ನೋಡೋಣ' ಎಂದು ಆಟ ಆಡಿಸುವ ರಿಮೋಟನ್ನು ಅವಳ ಮಡಿಲಿಗೆ ಎಸೆದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಆಡಿದಳು. ಮೊದಲು ಸತ್ತಳು. ಎರಡನೆಯ ಸಲವೂ ಸತ್ತಳು. ಆಮೇಲೆ ಎದುರಿನವನ ಭುಜ ಏಳುತ್ತಿದ್ದಂತೆ ಅವಳ ಹೆಬ್ಬೆರಳು ಅದುಮಿತು. ಅವನು ಕೆಳಗೆ ಬಿದ್ದ. ಅಂದಿನ ಹುರುಳಿಕಾಯಿ ಪಲ್ಯ ಆಗಲೇ ಇಲ್ಲ. ಅಪ್ಪನಿಗೆ ತಿಳಿಸಾರು ಬಡಿಸಿದಳು.

ಅಲ್ಲಿಂದ ಮುಂದೆ ಮಧ್ಯಾಹ್ನಗಳು ಅವಳವು. ಬೋಳಣ್ಣ ಮಾತ್ರವಲ್ಲ, ಹುಡುಗರು ಮೂಲೆಗೆ ಎಸೆದ ಕ್ಯಾಸೆಟ್ಟುಗಳನ್ನೆಲ್ಲ ಅವಳು ಎತ್ತಿಕೊಂಡಳು. ಈಟಿ ಹಿಡಿದ ಬೆಸ್ತರ ಹೆಂಗಸಿನ ಆಟವೊಂದಿತ್ತು. ಅದರಲ್ಲಿ ಸಮುದ್ರದ ನೀರು ಏರುತ್ತ ಇಳಿಯುತ್ತ ಇರುತ್ತದೆ. ಈಗ ನಿಂತ ಬಂಡೆ ಇನ್ನೊಂದು ಗಳಿಗೆಗೆ ಮುಳುಗುತ್ತದೆ. ಇಂದಿಗೂ ಅಂಥದೊಂದು ಆಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಕ್ರದ ಬೂಟು ಹಾಕಿಕೊಂಡು ಟಪಾಲು ಎಸೆಯುತ್ತಲೇ ನಾಯಿಗಳೊಡನೆ ಕಾದಾಡುವ ಅಂಚೆಯವನ ಆಟವೂ ಇತ್ತು. ಅಮ್ಮನಿಗೆ ಅವನ ಮೇಲೆ ಕೋಪ. 'ಎದುರಿಗೆ ನಾಯಿ ಬಂದ್ರೆ ನಿಲ್ಲೋಕೂ ಬರಲ್ವಲ್ಲ ಈ ಮುಂಡೇದಕ್ಕೆ' ಎಂದು ಬೈಯುತ್ತ ಆಡುತ್ತಿದ್ದಳು.

ಅಣ್ಣನಿಗೆ ಇದೆಲ್ಲ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಮೂರನೆಯ ಅಂತಸ್ತಿನ ಎರಡು ತಲೆಯ ಕಾವಲುಗಾರನನ್ನು ಅವನು ಒಂದು ದಿನವೂ ದಾಟಿದವನಲ್ಲ. ಭಾನುವಾರ ಅಪ್ಪ ಹೊರಗೆ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಅಮ್ಮಾ, ಇದೊಂದು ದಾಟಿಸಿಕೊಡೇ' ಎಂದು ಗೋಗರೆಯುತ್ತಿದ್ದ. ಅವಳು ದಾಟಿಸಿಕೊಡುತ್ತಿದ್ದಳು. ಗೆಳೆಯರ ಮುಂದೆ ಮಾತ್ರ ಹೇಳಬಾರದೆಂದು ನಮ್ಮಿಬ್ಬರಿಂದಲೂ ಆಣೆ ಮಾಡಿಸಿಕೊಂಡಿದ್ದ.

ಕೊನೆಯಲ್ಲಿ, ಗೋಪುರದ ಬುಡದಲ್ಲಿ, ಮಗ್ಗದ ಮುಂದೆ ಒಬ್ಬ ಹೆಂಗಸು ಕೂತಿರುತ್ತಾಳೆ. ಅವಳು ಎಸೆಯುವ ಲಾಳಿ ಪರದೆಯ ಈ ಕಡೆಯಿಂದ ಆ ಕಡೆಗೆ ಹಾರುತ್ತ ನೂಲು ಕಟ್ಟುತ್ತದೆ, ಬೋಳಣ್ಣನಿಗೆ ಓಡಾಡಲು ಜಾಗವೇ ಉಳಿಯುವುದಿಲ್ಲ. ಅಮ್ಮ ಅವಳ ಜೊತೆ ಒಂದು ಇಡೀ ಚಳಿಗಾಲ ಕಾದಾಡಿದಳು. ಗೆದ್ದ ಮಧ್ಯಾಹ್ನ ಪರದೆಯ ಮೇಲೆ ಜಪಾನೀ ಅಕ್ಷರಗಳು ಸಾಲಾಗಿ ಮೇಲೇರಿದವು. ನಮಗೆ ಒಂದೂ ಓದಲು ಬರಲಿಲ್ಲ. ಅಮ್ಮ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ಅಕ್ಷರಗಳು ಮುಗಿಯುವ ತನಕ ನಿಂತೇ ನೋಡಿದಳು. ಸಂಜೆ ಅಪ್ಪನಿಗೆ ಹೇಳಿದಾಗ ಅವರು ಶೂ ಬಿಚ್ಚುತ್ತ, 'ಅಚ್ಛಾ, ಕರೆಂಟ್ ಬಿಲ್ ಯಾಕೆ ಏರ್ತಿದೆ ಅಂತ ಈಗ ಗೊತ್ತಾಯ್ತು' ಎಂದರು. ಪ್ಲಗ್ ಕೀಳುತ್ತಿದ್ದವರು ಅಪ್ಪ. ತೀರಿಕೊಂಡವರ ಮೇಲೆ ನಗೆಚಾಟಿಕೆ ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ ಅಣ್ಣ ಆ ಪಾತ್ರವನ್ನು ಅಮ್ಮನಿಗೆ ಹಚ್ಚಿದ್ದ.

ಅಮ್ಮ ಈಗ ನನ್ನ ಜೊತೆ ಘಾಜಿಯಾಬಾದಿನ ಫ್ಲ್ಯಾಟಿನಲ್ಲಿದ್ದಾಳೆ. ಅವಳಿಗೆ ವಿಡಿಯೋ ತೋರಿಸಬಾರದು ಎಂದುಕೊಂಡೇ ನಾನು ಮನೆಯ ಬಾಗಿಲು ತೆರೆದದ್ದು. ಅಷ್ಟರಲ್ಲಿ ಮೈಸೂರಿನ ಚಿಕ್ಕಮ್ಮ ಅದನ್ನು ಅವಳ ಫೋನಿಗೆ ಕಳಿಸಿಯಾಗಿತ್ತು.

'ನೋಡಿದೆ. ಚೆನ್ನಾಗಿ ಮಾತಾಡ್ತಾನೆ' ಎಂದಳು.

'ಚೆನ್ನಾಗಿ? ಅವನು ಹೇಳಿದ್ದರಲ್ಲಿ ನಿಜ ಯಾವುದಮ್ಮ?'

'ಬೋಳಣ್ಣ ಇದ್ದದ್ದು ನಿಜ ತಾನೆ?' ಎಂದು ನಕ್ಕು ಕುಕ್ಕರ್ ನೋಡಲು ಹೋದಳು. ಆ ನಗುವಿನ ಮೇಲೂ ನನಗೆ ಸಿಟ್ಟು ಬಂತು.

ಭಾನುವಾರ ನಾನು ಜನಕಪುರಿಗೆ ಹೋದೆ. ಅಪ್ಪನ ಫ್ಲ್ಯಾಟಿನಲ್ಲಿ ಈಗ ಅಣ್ಣನ ಸಂಸಾರವಿದೆ. ಅತ್ತಿಗೆ ಚಹಾ ತಂದಿಟ್ಟು, ನನ್ನ ಮುಖ ನೋಡಿ ಒಳಗೆ ಹೋದರು.

'ಸೂತ್ರ ನಿನ್ನದಾ?' ಎಂದೆ.

ಅವನಿಗೆ ತಕ್ಷಣ ಅರ್ಥವಾಯಿತು. 'ಅರೆ, ಅದು ಸ್ಟೋರಿ ಕಣೇ. ಜನರಿಗೆ ಹೀಗೆ ಹೇಳಿದ್ರೆನೇ ಹಿಡಿಯೋದು. ಎಲ್ಲರ ಮನೆಯಲ್ಲೂ ಅಮ್ಮ ಪ್ಲಗ್ ಕೀಳ್ತಿದ್ರು, ಸೋ ಎಲ್ಲರೂ ಕನೆಕ್ಟ್ ಆಗ್ತಾರೆ.'

'ನಮ್ಮನೇಲಿ ಕಿತ್ತದ್ದು ಅಪ್ಪ.'

'ಅಪ್ಪನ್ನ ಯಾಕೆ ಎಳೀಬೇಕು ಈಗ?'

'ಅಮ್ಮನ್ನ ಎಳೀಬಹುದಾ?'

ಅವನು ಚಹಾ ಲೋಟ ಕೆಳಗಿಟ್ಟ. 'ನೋಡು, ನಾನು ಎದ್ದು ನಿಂತು ನಮ್ಮಮ್ಮ ಆ ಗೇಮ್ ಮುಗಿಸಿದ್ಲು ಅಂದ್ರೆ ಯಾರು ನಂಬ್ತಾರೆ? ಕೆಳಗೆ ಕಾಮೆಂಟಲ್ಲಿ ನನ್ನ ಮಾನ ತೆಗೀತಾರೆ.' ಇದ್ದಕ್ಕಿದ್ದಂತೆ ಅವನ ಕಣ್ಣು ಹೊಳೆಯಿತು. 'ಚಲೋ, ಒಂದು ಕೆಲಸ ಮಾಡೋಣ. ಅಮ್ಮ ಆಡೋದನ್ನೇ ಶೂಟ್ ಮಾಡ್ತೀನಿ. ಎಲ್ಲರೂ ನೋಡಲಿ. ಆಗ ಸರಿಹೋಗುತ್ತಲ್ಲ?'

ಸರಿಹೋಗುತ್ತದೆ ಎಂದೇ ನಾನೂ ನಂಬಿದೆ.

ಮುಂದಿನ ಶನಿವಾರ ಬೆಳಿಗ್ಗೆ ಅವನು ಕ್ಯಾಮೆರಾ, ಎರಡು ದೀಪ, ಕ್ಯಾಸೆಟ್ಟು ಹಾಕಿ ಟಿವಿಗೆ ಜೋಡಿಸುವ ಹಳೆಯ ಗೇಮ್ ಡಬ್ಬ, ಜಪಾನಿನಿಂದ ತರಿಸಿದ ಅಸಲಿ ಕ್ಯಾಸೆಟ್ಟು ಎಲ್ಲ ಹೊತ್ತು ಬಂದ. ಅಮ್ಮ ಒಳ್ಳೆಯ ಸೀರೆ ಉಟ್ಟು ತಯಾರಾಗಿದ್ದಳು. ನನಗೆ ಹೇಳದೆ, ಬಲಗೈ ಹೆಬ್ಬೆರಳಿಗೆ ನೋವಿನ ಮುಲಾಮು ಹಚ್ಚಿಕೊಂಡಿದ್ದಳು; ವಾಸನೆಯಿಂದ ಗೊತ್ತಾಯಿತು. ಅಣ್ಣ ಡಬ್ಬವನ್ನು ನಮ್ಮ ಹಾಲಿನ ದೊಡ್ಡ ಹೊಸ ಟಿವಿಗೆ ಜೋಡಿಸಿದ.

'ಅಮ್ಮ, ಮೊದಲು ರಿಮೋಟನ್ನ ಉಲ್ಟಾ ಹಿಡ್ಕೋ. ಇದು ಯಾವ ಕಡೆ ಅಂತ ನನ್ನ ಕೇಳು.'

'ಯಾಕೋ? ನಂಗೆ ಗೊತ್ತಲ್ಲ.'

'ತಮಾಷೆಗೆ. ಒಂದೇ ಒಂದು ಸಲ, ಪ್ಲೀಸ್.'

ಮಗ ಕೇಳಿದನಲ್ಲ ಎಂದು ಅವಳು ಉಲ್ಟಾ ಹಿಡಿದಳು. 'ಇದು ಯಾವ ಕಡೆಯಪ್ಪಾ?' ಎಂದು ಕೇಳಿದಳು. ಸೋಫಾದ ಹಿಂದೆ ನಿಂತಿದ್ದ ನಾನು, 'ಸಾಕು, ಆಡೋಕೆ ಬಿಡು' ಎಂದು ಕೂಗಿದೆ.

ಆಟ ಶುರುವಾಯಿತು. ಅಮ್ಮ ಮುಂದಕ್ಕೆ ಬಾಗಿ ಕೂತಳು. ಮೊದಲ ಕತ್ತಿಯವನ ಭುಜ ಎದ್ದಿತು. ಅವಳ ಹೆಬ್ಬೆರಳು ಅದುಮಿತು. ನಾನು ಕಣ್ಣಾರೆ ನೋಡಿದೆ, ಸರಿಯಾದ ಹೊತ್ತಿಗೇ ಅದುಮಿತು. ಬೋಳಣ್ಣನ ದಂಡ ಏಳುವಷ್ಟರಲ್ಲಿ ಕತ್ತಿ ಅವನನ್ನು ಕಡಿದಾಗಿತ್ತು. ಮತ್ತೊಮ್ಮೆ ಆಡಿದಳು, ಹಾಗೇ ಆಯಿತು. ಮತ್ತೊಮ್ಮೆಯೂ.

'ನಾನು ಒತ್ತಿದ ಮೇಲೆ ನಿಧಾನಕ್ಕೆ ಹೊಡೀತಾನೆ ಕಣೋ ಇವನು' ಎಂದಳು. 'ಮುಂಚೆ ಹೀಗಿರಲಿಲ್ಲ.'

'ವಯಸ್ಸಾಯ್ತಲ್ಲ ಅಮ್ಮ' ಎಂದು ಅಣ್ಣ ಕ್ಯಾಮೆರಾದ ಹಿಂದಿನಿಂದ ನಕ್ಕ. 'ನೀನು ಫಾಸ್ಟ್ ಅನ್ಕೋತೀಯ, ಕೈ ಸ್ಲೋ ಆಗಿರುತ್ತೆ.'

ಅಮ್ಮ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ರಿಮೋಟನ್ನು ಪಕ್ಕಕ್ಕಿಟ್ಟು, 'ಆರಿಸೋ, ಸಾಕು' ಎಂದು ಎದ್ದಳು. ಅವನಿಗೆ ಚಪಾತಿ ಮಾಡಿ ಬಡಿಸಿ ಕಳಿಸಿದಳು. ಡಬ್ಬ ಇಲ್ಲೇ ಇರಲಿ, ಇನ್ನೊಮ್ಮೆ ಶೂಟ್ ಮಾಡೋಣ ಎಂದು ಬಿಟ್ಟುಹೋದ. ಅಂದು ಇಡೀ ದಿನ ಅಮ್ಮ ಏನು ಮಾಡುವಾಗಲೂ ಆ ಬೆರಳನ್ನು ಮಡಿಚಿ ಬಿಡಿಸುತ್ತಿದ್ದಳು.

ಎರಡು ದಿನ ಬಿಟ್ಟು ನಾನು ಅವನ ಚಾನೆಲ್ಲಿನ ಹಳೆಯ ವಿಡಿಯೋಗಳನ್ನು ನೋಡುತ್ತ ಕೂತಿದ್ದೆ. ಅವನ ಮಾತಿನಲ್ಲಿ ಇನ್ನೇನಾದರೂ ತಪ್ಪು ಸಿಗಲಿ ಎಂಬ ಹಟದಿಂದಲೇ ಹುಡುಕುತ್ತಿದ್ದೆ, ಮುಚ್ಚಿಡುವುದೇನು. ಒಂದು ವಿಡಿಯೋದಲ್ಲಿ ಅಣ್ಣ ಬೆರಳೆತ್ತಿ ಪಾಠ ಹೇಳುತ್ತಿದ್ದ: ಹಳೆಯ ಗೇಮುಗಳನ್ನು ಹೊಸ ಚಪ್ಪಟೆ ಟಿವಿಯಲ್ಲಿ ಎಂದೂ ಆಡಬೇಡಿ. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡವಾಗುತ್ತದೆ. ಗಳಿಗೆ ನೋಡಿ ಹೊಡೆಯುವ ಆಟಗಳಂತೂ ಅದರಲ್ಲಿ ಸತ್ತೇಹೋಗುತ್ತವೆ. ಹಿಂಭಾಗ ಉಬ್ಬಿದ ಹಳೆಯ ಡಬ್ಬಾ ಟಿವಿಯಲ್ಲೇ ಆಡಿ.

ಅವನಿಗೆ ಗೊತ್ತಿತ್ತು. ಅಮ್ಮ ಸರಿಯಾಗಿಯೇ ಹೇಳುತ್ತಿದ್ದಾಳೆಂದು ಗೊತ್ತಿದ್ದೂ, ತಪ್ಪು ಟಿವಿಯದೆಂದು ಗೊತ್ತಿದ್ದೂ, ವಯಸ್ಸಾಯ್ತಲ್ಲ ಎಂದು ನಕ್ಕಿದ್ದ. ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. 'ಅಷ್ಟೆಲ್ಲ ಯೋಚನೆ ಮಾಡಿರಲಿಲ್ಲ ಯಾರ್, ಎದುರಿಗೆ ಇದ್ದ ಟಿವಿಗೆ ಜೋಡಿಸಿದೆ' ಎಂದ. ಆ ವಾರದ ಕೊನೆಗೆ ಹೊಸ ವಿಡಿಯೋ ಬಂತು. ಉಲ್ಟಾ ಹಿಡಿದ ರಿಮೋಟು, 'ಯಾವ ಕಡೆಯಪ್ಪಾ', ಸಾವಿನ ಮೇಲೆ ಸಾವು, ಪ್ರತಿ ಸಾವಿಗೂ ಒಂದು ಬಾತುಕೋಳಿಯ ಕೂಗು. ಕೆಳಗೆ ನೂರಾರು ಜನ ಅಜ್ಜಿ ಎಷ್ಟು ಕ್ಯೂಟ್ ಎಂದು ಬರೆದಿದ್ದರು.

ಈ ಸಲ ಮುಚ್ಚಿಡುವ ಯೋಚನೆಯನ್ನೂ ಮಾಡಲಿಲ್ಲ. ಟಿವಿಯ ಬಗ್ಗೆ ಅವನು ಹೇಳಿದ ಹಳೆಯ ವಿಡಿಯೋವನ್ನೂ ಈ ಹೊಸದನ್ನೂ ಒಟ್ಟಿಗೆ ಅಮ್ಮನ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಎರಡನ್ನೂ ಪೂರ್ತಿ ನೋಡಿದಳು. 'ಹಾಗಾದ್ರೆ ನನ್ನ ಬೆರಳಲ್ಲ' ಎಂದಳು ಮೊದಲು. ಆಮೇಲೆ ಅಣ್ಣನಿಗೆ ತಾನೇ ಫೋನ್ ಹಚ್ಚಿದಳು.

'ಊಟ ಆಯ್ತೇನೋ? ... ಸರಿ. ಆ ವಿಡಿಯೋ ತೆಗಿ. ... ಇಲ್ಲ, ಎಷ್ಟು ಜನ ನೋಡಿದ್ರು ಅಂತ ನಂಗೆ ಬೇಡ. ನೀನು ಕೇಳಿದೆ ಅಂತ ಉಲ್ಟಾ ಹಿಡಿದೆ. ಆಡಲಿಕ್ಕೆ ಬಿಡ್ತೀಯ ಅನ್ಕೊಂಡಿದ್ದೆ. ... ಎರಡು ತಲೆಯವನನ್ನ ಈಗಲಾದ್ರೂ ದಾಟಿದ್ದೀಯಾ? ... ಹಾಂ? ... ಅದಕ್ಕೇ ಹೇಳಿದ್ದು, ತೆಗಿ.'

ಸಂಜೆಯೊಳಗೆ ಆ ವಿಡಿಯೋ ಹೋಯಿತು. ಮೊದಲನೆಯದು ಹಾಗೇ ಇದೆ. ಅದರ ಕೆಳಗೆ ಅಣ್ಣ, ಈ ಆಟದಲ್ಲಿ ಅಮ್ಮನೂ ನನಗೆ ಸಹಾಯ ಮಾಡಿದ್ದರು ಎಂದು ಒಂದು ಸಾಲು ಸೇರಿಸಿದ, ಜೊತೆಗೊಂದು ಕೆಂಪು ಹೃದಯ. ಸಹಾಯ! ಓದಿದಾಗ ಫೋನನ್ನು ಗೋಡೆಗೆ ಬಡಿಯಬೇಕೆನಿಸಿತು. ಸೌಟು ಹಿಡಿದ ಹೆಂಗಸು ಅಲ್ಲಿ ಈಗಲೂ ಕುಣಿಯುತ್ತಿದ್ದಾಳೆ.

ನಮ್ಮ ಸೊಸೈಟಿಯ ಹಿಂದಿನ ಬಜಾರಿನಲ್ಲಿ ಟಿವಿ ರಿಪೇರಿ ಮಾಡುವ ಅಂಗಡಿಯಿದೆ. ಅಲ್ಲಿಂದ ಒಂದು ಹಳೆಯ ಡಬ್ಬಾ ಟಿವಿಯನ್ನು ಇ-ರಿಕ್ಷಾದಲ್ಲಿಟ್ಟು ತಂದು ಅಮ್ಮನ ಕೋಣೆಯ ಮೂಲೆಗೆ ಇಟ್ಟೆ. ಅಣ್ಣ ಬಿಟ್ಟುಹೋದ ಡಬ್ಬವನ್ನು ಜೋಡಿಸಿದೆ. ಅಮ್ಮ ಮಂಚದ ತುದಿಯಲ್ಲಿ ಕೂತಳು. ಭುಜ ಎದ್ದಿತು, ಬೆರಳು ಅದುಮಿತು, ಕತ್ತಿಯವನು ಬಿದ್ದ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯ ಅಂತಸ್ತಿನ ಹೊಗೆ, ಮೂರನೆಯದರಲ್ಲಿ ಎರಡು ತಲೆಯವನು. ಅವನ ಹತ್ತಿರ ಅವಳು ಮೂರು ಬಾರಿ ಸೋತಳು, ನಾಲ್ಕನೆಯ ಬಾರಿ ಬೀಳಿಸಿದಳು. ಹೆಬ್ಬೆರಳು ನೋಯತೊಡಗಿದಾಗ ನಿಲ್ಲಿಸಿ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತಳು.

'ನಿಂಗೆ ಅವನ ಮೇಲೆ ಸಿಟ್ಟೇ ಬರಲ್ವಾ ಅಮ್ಮ?' ಎಂದು ಕೇಳಿದೆ.

'ಬಂತಲ್ಲ. ತೆಗಿ ಅಂದೆ.'

'ಆಗ? ಅಪ್ಪ ಪ್ಲಗ್ ಕೀಳುವಾಗ? ಕರೆಂಟ್ ಬಿಲ್ ಅಂದಾಗ?'

ಅವಳು ನೀರಿನೊಳಗೆ ಬೆರಳಾಡಿಸಿದಳು. 'ನೀನು ಪಕ್ಕದಲ್ಲೇ ಕೂತಿರ್ತಿದ್ದೆಯಲ್ಲೇ. ಮಧ್ಯಾಹ್ನ ಪೂರ್ತಿ ನಾನು ಯಾರನ್ನ ಹೊಡೀತಿದ್ದೆ ಅನ್ಕೊಂಡಿದ್ದೆ?' ಎಂದಳು. 'ಈ ಊರಿಗೆ ಕರ್ಕೊಂಡು ಬಂದವರನ್ನ, ನನ್ನ ಹಿಂದಿ ಕೇಳಿ ನಗೋರನ್ನ, ಎಲ್ಲರನ್ನೂ ಒಬ್ಬೊಬ್ಬರಾಗಿ ಬೀಳಿಸ್ತಿದ್ದೆ. ಇಲ್ಲದಿದ್ರೆ ತಲೆ ಕೆಡ್ತಿತ್ತು.'

ಅಣ್ಣ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಅಮ್ಮ ಮಂಡಿನೋವು, ಮೊಮ್ಮಗಳ ಪರೀಕ್ಷೆ ಎಲ್ಲ ಮಾತಾಡುತ್ತಾಳೆ. ನನಗೆ ಕೊಡಲು ಬಂದರೆ ನಾನು ತಗೊಳ್ಳುವುದಿಲ್ಲ. ಹೌಜ್ ಖಾಸಿನ ಒಂದು ಕೆಫೆಯಲ್ಲಿ ಅವನು ಹಳೆಯ ಆಟಗಳ ಬಗ್ಗೆ ಭಾಷಣ ಮಾಡಿದನಂತೆ, ಕಾಲೇಜು ಹುಡುಗರು ಕಿಕ್ಕಿರಿದಿದ್ದರಂತೆ. ಭುಜ ನೋಡಿ ಎಂಬ ಮಾತನ್ನು ಅಲ್ಲೂ ಹೇಳಿದನಂತೆ. ಅತ್ತಿಗೆ ಫೋಟೋ ಕಳಿಸಿದ್ದರು, ನಾನು ಅಳಿಸಿಹಾಕಿದೆ.

ಅಮ್ಮ ಮಗ್ಗದವಳ ತನಕ ಹೋಗಿದ್ದಾಳೆ, ಗೆದ್ದಿಲ್ಲ. ನಿನ್ನೆ ಲಾಳಿ ಬಡಿದು ಬೋಳಣ್ಣ ಸತ್ತಾಗ ರಿಮೋಟನ್ನು ಹಾಸಿಗೆಯ ಮೇಲೆ ಕುಕ್ಕಿ, 'ನಿನ್ನ ಮಗ್ಗ ಮುರಿದುಹೋಗ' ಎಂದು ಶಪಿಸಿದಳು. ಗೆಲ್ಲದಿದ್ದರೂ ಪರವಾಗಿಲ್ಲ ಬಿಡಮ್ಮ ಎಂದು ನಾನು ಹೇಳಲಿಲ್ಲ, ಮುಂದೆಯೂ ಹೇಳುವುದಿಲ್ಲ. ಅವಳಿಗೆ ಗೆಲ್ಲಬೇಕಾಗಿದೆ. ಮುಲಾಮು ಮುಗಿಯುತ್ತ ಬಂದಿದೆ, ಇವತ್ತು ಆಫೀಸಿನಿಂದ ಬರುವಾಗ ತರಬೇಕು.